ಧಾರೆ ಎರೆಸಿಕೊಂಡ ಗುರುಗಳಿಗೆ

ದೈವಕರೆಯ ಕಚೇರಿಯ ನಿರ್ದೇಶಕರಾದ ಪೂಜ್ಯ ಗುರುಗಳೇ,

ಶಿಕಾರಿಪುರ, ಸೊರಬ ಸೇರಿದ ನಮ್ಮ ವಿಚಾರಣೆಯ ಕ್ರೈಸ್ತ ಮನೆಗಳಿಂದ ಈಚೆಗೆ ಒಬ್ಬ ಹುಡುಗನೂ ಪಾದ್ರಿಯಾಗಲು ಗುರುಮಠಕ್ಕೆ ಬರಲಿಲ್ಲ, ಒಬ್ಬ ಹುಡುಗಿಯೂ ಕನ್ಯಾಮಠ ಸೇರಲಿಲ್ಲ, ಇದಕ್ಕೆ ತಾಯಿತಂದೆಯರ ಲೋಕವ್ಯಾಮೋಹವೇ ಕಾರಣವಿರಬೇಕು ಎಂದು ತಾವು ಸುತ್ತೋಲೆ ಕಳಿಸಿದ್ದೀರಿ. ಹೋದ ಭಾನುವಾರ ಶಿಕಾರಿಪುರದಲ್ಲಿ ಪೂಜೆಯ ಕೊನೆಗೆ ಅದನ್ನು ಓದಿದರು. ಲೋಕವ್ಯಾಮೋಹ ಎಂಬ ಮಾತು ಬಂದಾಗ ನಮ್ಮ ಜನ ತಮ್ಮ ಹರಿದ ಜಮಖಾನೆಯ ಮೇಲೆ ಕುಳಿತು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಕಾರಣ ಬೇರೆ ಇದೆ ಎಂದು ನನಗೆ ಗೊತ್ತು. ಆ ಕಾರಣ ನನ್ನ ಮನೆಯಲ್ಲೇ ಇದೆ, ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದೆ. ಅವಳ ಹೆಸರು ಲೂರ್ದಮ್ಮ, ನನ್ನ ತಮ್ಮನ ಮಗಳು. ತಾವು ಅವಳನ್ನು ದೇವರಿಗೆಂದು ಕರೆದುಕೊಂಡು ಹೋದಿರಿ. ತಮ್ಮವರು ಕಾರಣ ಹೇಳದೆ ತಿರುಗಿ ಕಳಿಸಿದರು. ಆಮೇಲೆ ಅವಳು ಬದುಕಿದಳೋ ಸತ್ತಳೋ ಎಂದು ಒಬ್ಬರೂ ಕೇಳಲಿಲ್ಲ. ಇದು ನನ್ನ ದೂರು.

ಇದನ್ನು ಊರೆಲ್ಲ ಓದುವ ಹಾಗೆ ಬರೆಯುವ ಆಸೆ ನನಗಿರಲಿಲ್ಲ. ಮೊದಲು ತಮಗೇ ಬರೆದೆ; ಉತ್ತರ ಬರಲಿಲ್ಲ. ತಾವು ನಡೆಸುವ ಮಾಸಪತ್ರಿಕೆಗೆ ಕಳಿಸಿದೆ, ಸ್ಥಳಾವಕಾಶವಿಲ್ಲ ಎಂದರು. ಆದ್ದರಿಂದ ಶಿವಮೊಗ್ಗದ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಅನ್ಯಮತೀಯರ ಮುಂದೆ ನಮ್ಮ ಮನೆಯ ಮಾತು ಆಡುವುದೇ ಎಂದು ತಾವು ಬೇಸರ ಮಾಡಿಕೊಳ್ಳಬಹುದು. ಅವರಿಗೆ ನಾನು ಹೊಸದಾಗಿ ಹೇಳುವುದೇನೂ ಉಳಿದಿಲ್ಲ, ಸ್ವಾಮಿ. ನಮ್ಮವರು ಬಾಗಿಲು ಹಾಕಿಕೊಂಡಾಗ ಅವಳಿಗೆ ಅನ್ನ ಹಾಕಿದವರು ಅವರೇ.

ಪತ್ರಿಕೆ ಓದುವವರಿಗಾಗಿ ನಮ್ಮ ಜನದ ವಿಷಯ ಸ್ವಲ್ಪ ಹೇಳಬೇಕು. ಸೊರಬದಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಅಜ್ಜ ರಸ್ತೆ ಕೆಲಸಕ್ಕೆಂದು ಬಂದು ಅಲ್ಲೇ ನಿಂತರು. ನನ್ನ ತಮ್ಮ ಇನ್ನಾಸಪ್ಪನೂ ಲೋಕೋಪಯೋಗಿ ಇಲಾಖೆಯಲ್ಲಿ ಮೇಸ್ತ್ರಿ, ಕುಬಟೂರಿನ ಕಡೆ ರಸ್ತೆಗೆ ಜಲ್ಲಿ ಹಾಸಿಸುವವನು. ಪೂಜೆಯಲ್ಲಿ ನಾವು ಲ್ಯಾಟಿನ್ನಿನಲ್ಲಿ ಉತ್ತರ ಹೇಳುತ್ತೇವೆ, ಅದರ ಅರ್ಥ ನಮಗೆ ಗೊತ್ತಿಲ್ಲ. ಆದರೆ ಮದುವೆಯೆಂದರೆ ನಾವೂ ಹೆಣ್ಣಿಗೆ ಅರಿಶಿನ ಹಚ್ಚುತ್ತೇವೆ, ಹಸಿರು ಬಳೆ ತೊಡಿಸುತ್ತೇವೆ, ಮಡಿಲಕ್ಕಿ ತುಂಬುತ್ತೇವೆ, ದೇವಾಲಯದಿಂದ ಬಂದ ಮೇಲೆ ಹೆಣ್ಣಿನ ಅಪ್ಪ ಧಾರೆ ಎರೆಯುತ್ತಾನೆ. ಇದರ ಅರ್ಥ ಮಾತ್ರ ನಮಗೆ ಚೆನ್ನಾಗಿ ಗೊತ್ತು. ಧಾರೆ ಎರೆದ ಮೇಲೆ ಹೆಣ್ಣು ಕೊಟ್ಟಾಯಿತು. ಆಮೇಲೆ ಅವಳು ತವರಿಗೆ ಬರುವುದು ನೆಂಟಳಾಗಿ, ಅದೂ ಆ ಮನೆಯವರು ಸಂತೋಷದಿಂದ ಕಳಿಸಿದರೆ.

ತಾವು ಮೂರು ವರ್ಷದ ಹಿಂದೆ ಸೊರಬಕ್ಕೆ ಧ್ಯಾನಕೂಟ ನಡೆಸಲು ಬಂದಿರಿ. ತಾವು ಚೆನ್ನಾಗಿ ಪ್ರಸಂಗ ಮಾಡುತ್ತೀರಿ, ಅದನ್ನು ಇಲ್ಲವೆನ್ನಲಾರೆ. ಲೂರ್ದಮ್ಮನಿಗೆ ಆಗ ಹದಿನೆಂಟು ತುಂಬಿತ್ತು. ಅವಳನ್ನು ಯಾರೂ ತಳ್ಳಲಿಲ್ಲ, ತಾವೂ ತಳ್ಳಲಿಲ್ಲ. ಚಿಕ್ಕಂದಿನಿಂದ ಅವಳು ಹಾಗೆಯೇ. ಮನೆಗೆ ಹೆಣ್ಣು ನೋಡಲು ಬಂದವರಿದ್ದರು. ನಾನು ದೇವರ ಕೆಲಸಕ್ಕೆ ಹೋಗುವವಳು ಎಂದು ಅವರ ಎದುರೇ ಹೇಳಿ ಅಪ್ಪನ ಕೈಲಿ ಬೈಸಿಕೊಂಡಿದ್ದಳು. ತಾವು ಬಂದು ಇದು ದೈವಕರೆಯೇ ಎಂದಾಗ ನನ್ನ ತಮ್ಮ ಒಪ್ಪಿದ. ಒಪ್ಪಿದವನು ತಮ್ಮನ್ನು ಒಂದು ಮಾತು ಕೇಳಿದ, ಆಗ ನಾನು ಅಲ್ಲೇ ಇದ್ದೆ.

"ಸ್ವಾಮಿ, ಹೆಣ್ಮಗಳನ್ನ ಬರಿಗೈಲಿ ಕಳ್ಸಾದು ಹೆಂಗೆ? ಏನ್ ಶಾಸ್ತ್ರ ಮಾಡ್ಬೇಕು ಹೇಳಿ."

ತಾವು ನಗುತ್ತ ಹೇಳಿದಿರಿ: "ಮದುವೆ ಮಾಡಿ ಕಳಿಸುವ ಹಾಗೇ ಕಳಿಸಪ್ಪ. ನಾಲ್ಕು ಜನ ನೋಡಲಿ. ನೋಡಿದವರ ಮನೆಯಲ್ಲೂ ಆಸೆ ಹುಟ್ಟುತ್ತೆ."

ನನ್ನ ತಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಅರಿಶಿನ ಹಚ್ಚಿಸಿದ. ಬಳೆಗಾರನನ್ನು ಮನೆಗೆ ಕರೆಸಿದ. ಅಕ್ಕಿ ವ್ಯಾಪಾರದವರ ಮನೆಯಾಕೆಯಾದ, ತೊಗರ್ಸಿಯ ಮಲ್ಲಿಕಾರ್ಜುನ ದೇವರಿಗೆ ನಡೆದುಕೊಳ್ಳುವ ಎದುರು ಮನೆಯ ಮಹಾದೇವಮ್ಮ ತಾವಾಗಿಯೇ ಬಂದು ಮಡಿಲು ತುಂಬಿದರು. ಪ್ರಾರ್ಥನಾಲಯದ ಅಂಗಳದಲ್ಲಿ ಚಪ್ಪರ ಹಾಕಿ, ಎಲ್ಲರ ಎದುರು, ಮಗಳ ಬೊಗಸೆಯಲ್ಲಿ ತೆಂಗಿನಕಾಯಿ ಇಟ್ಟು, ಆ ಬೊಗಸೆಯನ್ನು ತಾವು ಚಾಚಿದ ಕೈಗಳ ಮೇಲಿಟ್ಟು, ಇನ್ನಾಸಪ್ಪ ನೀರು ಬಿಟ್ಟ. ನನ್ನ ಮಗಳನ್ನು ದೇವರಿಗೆ ಕೊಟ್ಟೆ ಎಂದ. ತಾವು ಆಮೆನ್ ಎಂದಿರಿ. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳ ತಮ್ಮ ಪತ್ರಿಕೆಯಲ್ಲಿ ಅದರ ಚಿತ್ರ ಬಂತು, ಕೆಳಗೆ 'ಮಾದರಿ ಕುಟುಂಬ' ಎಂದು ಅಚ್ಚಾಗಿತ್ತು. ಆ ಮಾದರಿ ಈಗ ಹೇಗಿದೆ ಎಂದು ನೋಡಲು ತಮ್ಮ ಛಾಯಾಚಿತ್ರಗಾರರು ಮತ್ತೆ ಬರಲಿಲ್ಲ.

ಘಟ್ಟದ ಕೆಳಗಿನ ಕನ್ಯಾಮಠದಲ್ಲಿ ಅವಳು ಒಂದೂವರೆ ವರ್ಷ ಇದ್ದಳು. ನವಶಿಷ್ಯೆಯ ಉಡುಪು ಕೊಡುವ ದಿನ ಬಳೆ ತೆಗೆಸಿದರು, ಕೂದಲು ಕತ್ತರಿಸಿದರು. ಅದು ಪದ್ಧತಿ, ಅವಳು ಸಂತೋಷದಿಂದಲೇ ತಲೆ ಕೊಟ್ಟಳಂತೆ. ಒಂದು ಮುಂಜಾನೆ ಶಿಷ್ಯೆಯರ ಮೇಲ್ವಿಚಾರಕಿ ಇವಳನ್ನು ಒಬ್ಬಳನ್ನೇ ಕರೆದು, ಮನೆಯಿಂದ ಬರುವಾಗ ಉಟ್ಟು ಬಂದ ಸೀರೆಯನ್ನು ಕೈಗೆ ಕೊಟ್ಟು, ನಿನಗೆ ಈ ಜೀವನದ ಕರೆ ಇಲ್ಲ ಎಂದು ತೀರ್ಮಾನವಾಗಿದೆ, ಹೊರಡು ಎಂದರು. ಇವಳು ಏನು ತಪ್ಪಾಯಿತಮ್ಮ ಎಂದು ಕೇಳಿದಳು. ಕಾರಣ ಹೇಳುವ ವಾಡಿಕೆ ಇಲ್ಲ ಎಂದರು. ಜೊತೆಯವರಿಗೆ ಹೇಳಿ ಬರುವ ವಾಡಿಕೆಯೂ ಇಲ್ಲವಂತೆ. ಅವರು ಊಟದ ಕೋಣೆಗೆ ಹೋಗಿ ಇವಳ ಜಾಗ ಖಾಲಿಯಿರುವುದನ್ನು ನೋಡುವ ಹೊತ್ತಿಗೆ ಇವಳು ಬಸ್ಸಿನಲ್ಲಿ ಘಟ್ಟ ಹತ್ತುತ್ತಿದ್ದಳು.

ಸೊರಬದ ಬಸ್ ನಿಲ್ದಾಣದಲ್ಲಿ ಜನ ನೋಡಿದ್ದು ಏನು ಎಂದು ಸ್ವಲ್ಪ ಯೋಚಿಸಿ. ಬೋಳು ಕೈ. ಸೆರಗಿನ ಕೆಳಗೆ ಕತ್ತರಿಸಿದ ತಲೆ. ಊರೇ ನಿಂತು ಮದುವೆಯ ಶಾಸ್ತ್ರ ಮಾಡಿ ಕಳಿಸಿದ ಹುಡುಗಿ ವಿಧವೆಯ ವೇಷದಲ್ಲಿ ಒಬ್ಬಳೇ ಇಳಿದಳು. ಕಾರಣ ಹೇಳುವುದಿಲ್ಲ ಎಂಬುದು ತಮಗೆ ಮರ್ಯಾದೆಯ ಮಾತಾಗಿರಬಹುದು. ನಮ್ಮೂರಿನಲ್ಲಿ ಕಾರಣ ಹೇಳದೆ ಕಳಿಸಿದ ಹೆಣ್ಣಿಗೆ ಒಂದೇ ಕಾರಣ. ಎರಡು ದಿನದೊಳಗೆ ಅದು ಬಾವಿಕಟ್ಟೆಗೂ ಮುಟ್ಟಿತು. ಅವಳ ಹೆತ್ತ ತಾಯಿಯೇ ಹೆದರಿ ಸೂಲಗಿತ್ತಿಯನ್ನು ಕರೆಸಿ ಮಗಳ ಹೊಟ್ಟೆ ಮುಟ್ಟಿಸಿ ನೋಡಿಸಿದಳು. ಏನೂ ಇಲ್ಲ ಎಂದು ಸೂಲಗಿತ್ತಿ ಹೇಳಿದಳು, ಊರು ನಂಬಲಿಲ್ಲ. ಆ ಹುಡುಗಿ ಆ ಹೊತ್ತು ಕಣ್ಣು ಮುಚ್ಚಿ ಜಪಸರ ಹಿಡಿದು ಮಲಗಿದ್ದಳಂತೆ.

ಇಷ್ಟೆಲ್ಲ ನಡೆದದ್ದು ಜಗಲಿಯ ಪಕ್ಕದ ಸೌದೆ ಕೋಣೆಯಲ್ಲಿ. ಏಕೆಂದರೆ ಅವಳ ಅಪ್ಪ ಅವಳನ್ನು ಹೊಸಿಲು ದಾಟಿಸಲಿಲ್ಲ. ಸುದ್ದಿ ಕೇಳಿ ನಾನು ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಹೋದೆ. ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿ ಬೈಯಲಿಲ್ಲ, ಅತ್ತ.

"ನಂಗೇನ್ ಅವಳ ಮ್ಯಾಲೆ ಸಿಟ್ಟಾ ಅಕ್ಕ? ಧಾರೆ ಎರ್ದು ಕೊಟ್ಟಾಯ್ತಲ್ಲ. ಮನುಷ್ಯರಿಗೆ ಕೊಟ್ಟಿದ್ರೆ ಹೋಗಿ ಜಗಳಾ ಆಡಿ ಕರ್ಕಂಡ್ ಬರ್ತಿದ್ದೆ. ದೇವ್ರಿಗೆ ಕೊಟ್ಟಿದ್ದನ್ನ ಒಳಗ್ ಸೇರಿಸ್ಕಂಡು ಉಣ್ಣಕ್ಕಿಟ್ರೆ ದೇವ್ರ ಸ್ವತ್ತು ಕದ್ದಂಗಾಗಲ್ವಾ? ಉಳಿದ್ ಮಕ್ಳ ಗತಿ ಏನು?"

ಸ್ವಾಮಿ, ಇದು ಮೂಢತನ ಎಂದು ತಾವು ಹೇಳುತ್ತೀರಿ. ನಾನೂ ಹೇಳಿದೆ. ಆದರೆ ಅವನು ಯಾರ ಕೈಗೆ ನೀರು ಬಿಟ್ಟನೋ ಅವರು ದೈವಶಾಸ್ತ್ರ ಓದಿದವರು. ಕನ್ಯಾಮಠದ ಮೊದಲ ವರ್ಷಗಳು ಬರೀ ಪರೀಕ್ಷೆಯ ಕಾಲ, ಹುಡುಗಿಯೂ ಬಿಟ್ಟು ಬರಬಹುದು, ಮಠವೂ ಕಳಿಸಬಹುದು, ಅದರಲ್ಲಿ ಪಾಪವಿಲ್ಲ, ಅವಮಾನವಿಲ್ಲ ಎಂದು ನಮ್ಮ ವಿಚಾರಣೆಯ ವೃದ್ಧ ಗುರುಗಳು ಈಗ ನನಗೆ ವಿವರಿಸಿದ್ದಾರೆ. ಬಹಳ ಸಂತೋಷ. ಇದನ್ನು ಚಪ್ಪರದ ಕೆಳಗೆ ಹೇಳದ ಹಾಗೆ ತಮ್ಮ ಬಾಯಿ ಯಾರು ಹಿಡಿದಿದ್ದರು? ಇದು ಧಾರೆಯಲ್ಲಪ್ಪ, ನಾಳೆ ಇವಳು ಬಂದರೆ ಎದೆಗೊತ್ತಿಕೊ ಎಂದು ಒಂದು ಮಾತು ಹೇಳಿದ್ದರೆ ಚಿತ್ರ ಕೆಡುತ್ತಿತ್ತೇ? ನಮ್ಮ ಅಜ್ಞಾನ ತಮಗೆ ಬೇಕಾದಾಗ ಭಕ್ತಿ, ಬೇಡವಾದಾಗ ಮೂಢತನ.

ಆ ದಿನಗಳಲ್ಲಿ ಅವಳನ್ನು ಕಾಪಾಡಿದವರು ಮಹಾದೇವಮ್ಮ. ಸೌದೆ ಕೋಣೆಯ ಬಾಗಿಲಲ್ಲಿ ಹುಡುಗಿ ಕುಳಿತಿರುವುದನ್ನು ನೋಡಿ ಅವರು ಬೀದಿ ದಾಟಿ ಬಂದು ನನ್ನ ತಮ್ಮನಿಗೆ ಹೇಳಿದರಂತೆ: "ಏನ್ರೀ ಮೇಸ್ತ್ರಿ, ನಮ್ಮಾಗೆ ಸ್ವಾಮಿ ಆಗ್ಲಿ ಅಂತ ಮಠಕ್ಕೆ ಬಿಟ್ಟ ಮರಿ ಓದು ಹತ್ತದೆ ವಾಪಸ್ ಬಂದ್ರೂ ಅನ್ನ ಹಾಕ್ತೀವಿ. ನಿಮ್ ದೇವ್ರು ಬ್ಯಾಡ ಅಂದಿದ್ರೆ ಅದು ನಿಮ್ ದೇವ್ರಿಗೆ ಬಿಟ್ಟಿದ್ದು. ನನ್ ಅಡ್ಗೆಮನೆಗೇನ್ ಅಡ್ಡಿ?" ನಾನು ಹೋಗಿ ಕರೆದುಕೊಂಡು ಬರುವ ತನಕ ಲೂರ್ದಮ್ಮ ಅವರ ಮನೆಯಲ್ಲೇ ಉಂಡಳು. ವಿಭೂತಿ ಧರಿಸಿದ ಆ ಹೆಂಗಸು ಮಾಡಿದ್ದನ್ನು ಜಪಸರ ಹಿಡಿದ ನಮ್ಮ ಯಾವ ಮನೆಯೂ ಮಾಡಲಿಲ್ಲ. ತಮ್ಮ ಮುಂದಿನ ಸುತ್ತೋಲೆಯಲ್ಲಿ ಮಾದರಿ ಕುಟುಂಬದ ಚಿತ್ರ ಬೇಕಾದರೆ ಅವರ ವಿಳಾಸ ಕೊಡಬಲ್ಲೆ.

ಈಗ ಅವಳು ಶಿಕಾರಿಪುರದಲ್ಲಿ ನನ್ನ ಜೊತೆ ಇದ್ದಾಳೆ. ಗಂಡ ಸತ್ತ ಒಂಟಿ ಹೆಂಗಸಿನ ಮನೆಗೆ ಹೊಸಿಲಿನ ಭಯವಿಲ್ಲ. ದೇವಾಲಯದಲ್ಲಿ ಅವಳು ಕುಳಿತ ಕಡೆ ಹೆಂಗಸರು ಸ್ವಲ್ಪ ಸರಿದು ಕೂರುತ್ತಾರೆ. ಹಾಡುವವರ ಗುಂಪಿನಲ್ಲಿ ಸೇರಲೇ ಎಂದು ಕೇಳಿದ್ದಕ್ಕೆ ಗುರುಗಳ ಸಹಾಯಕರಾದ ಉಪದೇಶಿಗಳು, ಸದ್ಯಕ್ಕೆ ಬೇಡಮ್ಮ, ಹಿಂದೆ ಕುಳಿತುಕೊ ಎಂದರು. ಕೂದಲು ಬೆಳೆದ ಮೇಲೆ ನಾನೇ ಒಂದು ಸಂಬಂಧ ನೋಡಿದೆ. ಹುಡುಗ ಒಳ್ಳೆಯವನು, ಸಾಮಿಲ್ಲಿನಲ್ಲಿ ಕೆಲಸ. ಅವನ ತಾಯಿ ನನ್ನ ಕೈ ಹಿಡಿದುಕೊಂಡು, "ಹುಡ್ಗಿ ಚಿನ್ನ ಕಣ್ರೀ ಟೀಚರಮ್ಮ, ಆದ್ರೆ ದೇವ್ರಿಗೆ ಧಾರೆ ಎರ್ದೋಳನ್ನ ತಂದ್ಕಂಡ್ರೆ ನನ್ ಮಗ ಉಳೀತಾನಾ?" ಎಂದಳು. ಮನುಷ್ಯ ಗಂಡ ಬಿಟ್ಟಿದ್ದರೆ ಪಂಚಾಯಿತಿ ಸೇರಿಸಿ ಕೇಳಬಹುದಿತ್ತು. ಇಲ್ಲಿ ಬಿಟ್ಟವನು ದೇವರೆಂದು ಊರು ತೀರ್ಮಾನಿಸಿದೆ. ಅವನಿಗೆ ನೋಟೀಸು ಕೊಡುವವರು ಯಾರು?

ಹೋದ ಭಾನುವಾರ ಏನಾಯಿತೆಂದು ತಮಗೆ ವರದಿ ಬಂದಿರಲಿಕ್ಕಿಲ್ಲ. ಸುತ್ತೋಲೆಯ ಕೊನೆಯಲ್ಲಿ ತಾವು ಅಪ್ಪಣೆ ಮಾಡಿದ್ದ ಹಾಗೆ, ದೇವರ ಕರೆಯನ್ನು ಕೇಳಿದವರು ಎದ್ದು ನಿಲ್ಲಲಿ ಎಂದು ನಮ್ಮ ಗುರುಗಳು ಕೇಳಿದರು. ಯಾರೂ ಕದಲಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಲೂರ್ದಮ್ಮ ಎದ್ದು ನಿಂತಳು. ಹಟಕ್ಕೆ ನಿಂತದ್ದಲ್ಲ, ನಾನು ಅವಳ ಮುಖ ನೋಡಿದೆ. ಪ್ರಶ್ನೆ ಕೇಳಿದರು, ಅದಕ್ಕೆ ಅವಳಲ್ಲಿ ಉತ್ತರವಿತ್ತು, ಎದ್ದಳು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಯಾರೋ ನಕ್ಕರು. ನಮ್ಮ ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡು ಸಮಾಪ್ತಿಯ ಆಶೀರ್ವಾದ ಕೊಟ್ಟುಬಿಟ್ಟರು. ಎಲ್ಲರೂ ಹೊರಗೆ ಹೋದ ಮೇಲೂ ಅವಳು ನಿಂತೇ ಇದ್ದಳು, ನಾನು ಕೈ ಹಿಡಿದು ಕರೆದುಕೊಂಡು ಬಂದೆ.

ಈಗ ನನ್ನ ಬೇಡಿಕೆ. ಕನ್ಯಾಮಠ ಅವಳನ್ನು ಮತ್ತೆ ಸೇರಿಸಿಕೊಳ್ಳಲಿ ಎಂದು ನಾನು ಕೇಳುತ್ತಿಲ್ಲ. ಕಾರಣವನ್ನೂ ಕೇಳುವುದಿಲ್ಲ, ವಾಡಿಕೆ ಇಲ್ಲವಲ್ಲ. ತಾವು ಸೊರಬಕ್ಕೆ ಬನ್ನಿ. ಕಾಗದ ಬೇಡ, ಬದಲಿ ಗುರುಗಳು ಬೇಡ, ತಾವೇ ಬನ್ನಿ. ನೀರು ಬಿಡಿಸಿಕೊಂಡ ಕೈಯಿಂದಲೇ ಅವಳ ಕೈ ಹಿಡಿದು ಇನ್ನಾಸಪ್ಪನ ಕೈಗೆ ಒಪ್ಪಿಸಿ. ಇವಳಲ್ಲಿ ತಪ್ಪಿಲ್ಲ, ಆ ದಿನ ಕೊಟ್ಟದ್ದು ಕೊಟ್ಟದ್ದಾಗಿರಲಿಲ್ಲ, ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿ. ನನ್ನ ತಮ್ಮ ನನ್ನ ಮಾತು ನಂಬುವುದಿಲ್ಲ, ವಿಚಾರಣೆಯ ಗುರುಗಳ ಮಾತೂ ನಂಬಲಿಲ್ಲ. ತಗೊಂಡವರು ಬಂದು ಹೇಳಲಿ ಎನ್ನುತ್ತಾನೆ. ಅವನು ಬಾಗಿಲು ತೆರೆಯಲು ಕಾಯುತ್ತಿದ್ದಾನೆ. ನನಗೆ ಅರವತ್ತು ದಾಟಿದೆ, ರಕ್ತದೊತ್ತಡವಿದೆ. ನಾನು ಹೋದ ಮೇಲೆ ಈ ಹುಡುಗಿಗೆ ಭೂಮಿಯ ಮೇಲೆ ಹೋಗಲು ಒಂದು ಮನೆ ಬೇಕು. ತಾವು ಬರುವ ತನಕ ನಮ್ಮ ವಿಚಾರಣೆಯ ಒಂದು ಮಗುವನ್ನೂ ತಮ್ಮ ಕೈಗೆ ಕೊಡಬೇಡಿ ಎಂದು ನಾನು ಮನೆ ಮನೆಗೆ ಹೋಗಿ ತಾಯಂದಿರಿಗೆ ಹೇಳುತ್ತಿದ್ದೇನೆ, ಮುಂದೆಯೂ ಹೇಳುತ್ತೇನೆ. ಇದು ಪಾಪವಾದರೆ ಪಾಪನಿವೇದನೆಯಲ್ಲಿ ಇದನ್ನು ನಾನು ಹೇಳುವವಳಲ್ಲ.

ಬರೆದು ಮುಗಿಸಿ ಇದನ್ನು ಲೂರ್ದಮ್ಮನಿಗೆ ಓದಿ ಹೇಳಿದೆ. ಅವಳ ಹೆಸರು ಹಾಕಬೇಕಾದರೆ ಅವಳ ಒಪ್ಪಿಗೆ ಬೇಕಲ್ಲ. ಸೂಲಗಿತ್ತಿಯ ಮಾತು ಬಂದಾಗಲೂ ಅವಳು ತಡೆಯಲಿಲ್ಲ. ಎಲ್ಲ ಕೇಳಿ, ಒದ್ದೆ ಕೈ ಸೀರೆಗೆ ಒರೆಸಿಕೊಂಡು, "ಇದನ್ನ ಓದಿ, ನಿಜವಾಗ್ಲೂ ಕರೆ ಬಂದಿರೋ ಒಬ್ಳು ಹೋಗದೆ ನಿಂತ್‌ಬಿಟ್ರೆ ಏನ್ ಮಾಡೋದು ಅತ್ತೆ?" ಎಂದಳು.

ಆ ಪ್ರಶ್ನೆಯನ್ನು ಅವಳು ಕೇಳಿದ ಹಾಗೇ ಇಲ್ಲಿ ಸೇರಿಸಿದ್ದೇನೆ. ಉತ್ತರವನ್ನು ತಾವು ಬಂದು ಅವಳಿಗೆ ಹೇಳಿ.

ಇಂತಿ,
ತಾವು ಬರುವ ಬಸ್ಸಿಗಾಗಿ ಕಾಯುತ್ತ, ಬರುವಿರೆಂಬ ನಂಬಿಕೆ ಹೆಚ್ಚಿಲ್ಲದ,
ಜ್ಞಾನಮ್ಮ
ನಿವೃತ್ತ ಉಪಾಧ್ಯಾಯಿನಿ, ಶಿಕಾರಿಪುರ
೧೯೫೮