ಫಾರಂನಲ್ಲಿ ಬರೆದ ಫಿಟ್ಸ್ ವಿಷಯ

ಅಕ್ಕಾ, ಬೈಯೋಕೆ ಮುಂಚೆ ಇದನ್ನ ಪೂರ್ತಿ ಓದು.

ಮೆಡಿಕ್ಲೈಮ್ ಫಾರಂನಲ್ಲಿ ಹಳೇ ಕಾಯಿಲೆ ಕೇಳಿರೋ ಕಡೆ ನಿನ್ನ ಫಿಟ್ಸ್ ವಿಷಯ ಬರೆದ್ಬಿಟ್ಟೆ. ಅಮ್ಮ 'ಇಲ್ಲ ಅಂತ ಹಾಕೇ' ಅಂದ್ಳು. ಸುಳ್ಳು ಅಂತ ಗೊತ್ತಾದ್ರೆ ಮುಂದೆ ಯಾವತ್ತಾದ್ರೂ ಅಪೆಂಡಿಕ್ಸ್ ಆಪರೇಷನ್ ಆದ್ರೂ ಇನ್ಶೂರೆನ್ಸ್‌ನೋರು ದುಡ್ಡು ಕೊಡಲ್ಲ. ನಿಜ ಹೇಳಿದ್ರೆ ಫಿಟ್ಸ್ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಕೊಡ್ತಾರೆ.

ಆದ್ರೆ ನಮ್ಮ ಏಜೆಂಟ್ ಮುತ್ತುಕುಮಾರ್ ಮಾವನೇ ನಿನಗೆ ಹನುಮಂತನಪಟ್ಟಿ ಗಂಡು ನೋಡಿರೋರು. ಫಾರಂ ಅವರ ಕೈಗೆ ಸಿಕ್ರೆ ಸಂಜೆಯೊಳಗೆ ವಿಷಯ ಆ ಊರು ಸೇರುತ್ತೆ. ಅದಕ್ಕೇ ನಾನೇ ದಿಂಡಿಗಲ್ ಆಫೀಸಿಗೆ ಕೊಡೋಕೆ ಬಸ್ಸು ಹಿಡೀತಿದೀನಿ. ಮಾವ ಬಂದ್ರೆ ಕಾಫಿ ಕೊಡು, ಫಾರಂ ಮಾತೆತ್ಬೇಡ.

ಉಂಡ ಮೇಲೆ ಮಾತ್ರೆ ನುಂಗು. ಬಾವಿ ಕಡೆ ಒಬ್ಳೇ ಹೋಗ್ಬೇಡ, ದಮ್ಮಯ್ಯ.

ಗಂಡಿಗೆ ಇದು ನಿನ್ನ ಬಾಯಿಂದ ಗೊತ್ತಾಗ್ಲಿ, ಮಾವನ ಬಾಯಿಂದ ಬೇಡ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?