ಹೋದ ವರ್ಷದ ಲೇಖನ

ಮಾರ್ಚ್ ೯, ಸೋಮವಾರ

ಪಕ್ಕದ ದೇಶದ ಕ್ರಾಂತಿಗೆ ಇಂದು ಮೂರು ವರ್ಷ. ನನ್ನ ಅಂಕಣಕ್ಕೆಂದು ಕಣ್ತಪ್ಪಿ ಕಳುಹಿಸಿದ್ದು, ಕ್ರಾಂತಿ ದಾರಿ ತಪ್ಪುತ್ತಿದೆ ಎಂದು ಬರೆದಿದ್ದ ಹೋದ ವರ್ಷದ ಲೇಖನವನ್ನೇ. ಪತ್ರಿಕೆಯ ಡೆಸ್ಕಿನವರು ‘ಎರಡು ವರ್ಷ’ ಎಂಬುದನ್ನು ‘ಮೂರು’ ಮಾಡಿ ಅಚ್ಚು ಹಾಕಿಬಿಟ್ಟರು. ಮಾನಗೇಡಿ ಕೆಲಸ.

ಸಂಜೆ ಅಲ್ಲಿಂದ ಟೀಚರಮ್ಮನ ಫೋನ್ ಬಂತು. ಕ್ರಾಂತಿಯ ದಿನ ಚೌಕದಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಾಕೆ. ಹೋದ ವರ್ಷ ಇದೇ ಲೇಖನ ಓದಿ ನನ್ನ ಬೆವರಿಳಿಸಿದ್ದಳು: “ದೂರ ಕೂತು ಶಾಪ ಹಾಕ್ಬೇಡಿ ಅಣ್ಣಾ, ಈಗಷ್ಟೇ ಎದ್ದು ನಿಂತಿದ್ದೀವಿ.”

ಬೈಸಿಕೊಳ್ಳಲು ಸಿದ್ಧನಾಗಿಯೇ ಫೋನ್ ಎತ್ತಿದೆ.

“ಈ ಸಲ ಸರಿಯಾಗಿ ಬರ್ದಿದ್ದೀರ ಅಣ್ಣಾ, ಒಂದಕ್ಷರಾನೂ ಸುಳ್ಳಲ್ಲ,” ಎಂದಳು.

ಅದು ಹಳೆಯದೆಂದು ಹೇಳಲು ಬಾಯಿ ಬರಲಿಲ್ಲ. ಅವಳ ಜಗಳವನ್ನೇ ನಂಬಿಕೊಂಡು ಕೂತಿದ್ದೆನಲ್ಲ ನಾನು. ಬೈಯಮ್ಮಾ, ಹೋದ ವರ್ಷದ ಹಾಗೆ ಒಂದೇ ಒಂದು ಸಲ…