ಏರಿದ ಸ್ವರ ಇಳಿಯೂದಿಲ್ಲ

ಚಿದ್ರಿ, ಬೀದರ
೧೧-೨-೨೦೨೫

ಪ್ರೀತಿಯ ಪಪ್ಪಾ,

ಕರ್ತನಲ್ಲಿ ವಂದನೆಗಳು. ಈ ಪತ್ರ ಬರೀಬಾರದಿತ್ತು, ಸಾರಿ. ಫೋನ್ ಮಾಡಿದ್ರ ನನ್ನ ದನಿ ಕೇಳೇ ನಿಮಗ ತಿಳೀತದ ಅಂತ ಬರೀಲಿಕತ್ತೇನಿ. ನಾನು ಪುಣೆಯಾಗಿಲ್ಲ. ಆರು ದಿನದಿಂದ ಇಲ್ಲೇ ರೂತಮ್ಮ ಅತ್ತಿ ಮನ್ಯಾಗ ಇದ್ದೇನಿ. ನಿಮ್ಮ ಕಡೆ ಬರಬೇಕಂತ ಭಾಲ್ಕಿ ಬಸ್ಸಿನ ತನಕ ಎರಡು ಸಲ ಹೋಗಿ ತಿರುಗಿ ಬಂದೆ. "ಬಾಯಿಗೆ ಕೀಲಿ ಹಾಕ್ಕೊಂಡು ಕುಂತರ ಅನ್ನ ಹ್ಯಾಂಗ ಇಳೀತದ?" ಅಂತಾಳ ಅತ್ತಿ.

ನಮ್ಮ ಲ್ಯಾಬಿನ ಚಿಪ್ ಬಗ್ಗೆ ಹೇಳಿದ್ದೆನಲ್ಲ, ನಕ್ಷತ್ರದ ಬೆಳಕು ಹಿಡಿಯೋದು. ಅದರಾಗ ನಾಲ್ಕುನೂರು ಕಣ್ಣು, ಎಲ್ಲಾ ಒಂದೇ ವೈರಿನ ಮ್ಯಾಲೆ. ಭಾಳ ಥಂಡಿ ಮಾಡಿದಾಗ ಒಂದೊಂದು ಕಣ್ಣು ಒಂದೊಂದು ಫ್ರೀಕ್ವೆನ್ಸಿಗೆ ಮಿಡೀತದ, ನೀವು ರಿಪೇರಿ ಮಾಡೋ ಹಾರ್ಮೋನಿಯಂ ರೀಡಿನಂಗ. ಎರಡಕ್ಕ ಒಂದೇ ಸ್ವರ ಬಂತಂದ್ರ ಎರಡೂ ದಂಡ. ಯಾವ ಕಣ್ಣಿಗೆ ಯಾವ ಸ್ವರ ಅನ್ನೋ ನಕ್ಷೆ ತಯಾರು ಮಾಡೋರು ಕಾಶೀರಾಮ ಅಣ್ಣ, ನಮ್ಮ ಬೀದರ ಕಡೆ ಔರಾದದವರು, ಅಲ್ಲಿ ಟೆಕ್ನಿಶಿಯನ್. ಆ ನಕ್ಷೆ ನೋಡಿ ಲೇಸರಿನಿಂದ ಅಂಚು ಕೊಯ್ದು, ಕೂಡಿಕೊಂಡ ಸ್ವರ ಬೇರೆ ಮಾಡೋದು ನನ್ನ ಕೆಲಸ. ಇಡೀ ಲ್ಯಾಬಿನಾಗ ನನ್ನ ಕೂಡ ಕನ್ನಡ ಮಾತಾಡೋರು ಅವರೊಬ್ಬರೇ. "ನಿಮ್ಮಪ್ಪಗ ಕರೆಸು ತಂಗಿ, ಒಂದು ಕಪ್ ಚಹಾಕ್ಕ ಎಲ್ಲಾ ಶ್ರುತಿಗೆ ಹಚ್ಚಿ ಕೊಡ್ತಾರ" ಅಂತ ನಗ್ತಿದ್ರು.

"ಸ್ವಲ್ಪ ಸ್ವಲ್ಪ ಕೊಯ್ಯಿ, ನಡುವ ಥಂಡಿ ಮಾಡಿ ನೋಡೂಣು" ಅಂತ ಅವರೇ ಅಂದಿದ್ರು. ಥಂಡಿ ಆಗ್ಲಿಕ್ಕ ಎರಡು ದಿನ ಬೇಕು. ನಾನು ತಡೀಲಿಲ್ಲ. ರೀಡಿನ ತುದಿ ಕೆರೆದರ ಸ್ವರ ಏರ್ತದ, ಹೆಚ್ಚಾದರ ಬುಡ ಕೆರೆದು ಇಳಿಸೂದು, ಸಣ್ಣಾಕಿ ಇದ್ದಾಗ ನೀವೇ ಕಲಿಸಿದ್ದು. ಚಿಪ್ಪಿನ್ಯಾಗ ಹಂಗಿಲ್ಲ ಅಂತ ಓದಿದ್ದೆ. ಆದ್ರೂ ಇಳಿಸಬಹುದು ಅನ್ನೋ ಧೈರ್ಯ ಒಳಗ ಎಲ್ಲೋ ಕುಂತಿತ್ತು. ಒಂದೇ ಸಲಕ್ಕ ಎಲ್ಲಾ ಕೊಯ್ದೆ. ಈ ಚಿಪ್ಪಿಗೆ ಬುಡ ಇಲ್ಲ ಪಪ್ಪಾ, ಕೊಯ್ದಷ್ಟೂ ಏರೂದೇ. ಎಂಬತ್ತೊಂದು ಕಣ್ಣು ಬಾಜೂದವುಗಳ ಸ್ವರದ ಮ್ಯಾಲೆ ಹೋಗಿ ಕುಂತವು. ಇನ್ನೊಂದು ಚಿಪ್ಪಿಗೆ ಎರಡು ವರ್ಷ ಬೇಕಂತ.

"ಹ್ಯಾಂಗಾಯ್ತು, ಬರೆದು ಕೊಡು" ಅಂದ್ರು ನಮ್ಮ ಗೈಡ್ ಸರ್. ತಪ್ಪು ನಂದಂತಾದ್ರ ಮೊದಲನೇ ವರ್ಷಕ್ಕೇ ನನ್ನ ಪಿಎಚ್‌ಡಿ ಸೀಟು ಹೋಗ್ತದ.

ಮಮ್ಮಿಗೆ, ತಮ್ಮ ಅಮೋಸಗ ನನ್ನ ಪ್ರೀತಿ. ಚರ್ಚಿನ್ಯಾಗ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಬ್ಯಾಡ್ರಿ. ದೇವರು ನಿಮ್ಮನ್ನ ಚಲೋ ಇಡಲಿ.

ನಿಮ್ಮ ಮಗಳು,
ನಿಸ್ಸಿ

ತಾ.ಕ.: ಬರೆದು ಕೊಟ್ಟೇ ಬಂದೇನಿ. ಕಾಶೀರಾಮ ಅಣ್ಣನ ನಕ್ಷೆ ತಪ್ಪಿತ್ತು ಅಂತ ಬರೆದೇನಿ. ಅವರು ಕಾಂಟ್ರ್ಯಾಕ್ಟಿನವರು, ಮರುದಿನವೇ ಅವರ ಕಾರ್ಡ್ ತೊಗೊಂಡು ಕೆಲಸದಿಂದ ತೆಗೆದ್ರು. ಗೇಟಿನ ಹತ್ರ ಸಿಕ್ಕಾಗ, "ಊಟ ಆಯ್ತೇನು ತಂಗಿ?" ಅಂದ್ರು, ಅಷ್ಟೇ. ಈಗ ಔರಾದದಾಗ ಇದ್ದಾರಂತ. ಹದಿನೇಳನೇ ತಾರೀಖಿಗೆ ಲ್ಯಾಬಿನವರು ನನ್ನ ಮತ್ತ ಕರೆದಾರ, ಬರೆದದ್ದೇ ಖರೆ ಅಂತ ಎಲ್ಲರ ಮುಂದ ಹೇಳಬೇಕು. ನಾ ಏನು ಹೇಳಲಿ? ಲಗೂನ ಉತ್ತರ ಬರೀರಿ.